ವಿಶ್ವಕೋಶದಲ್ಲಿ ನಮ್ಮೂರ ಸಿಹಿನೀರು

ನಮ್ಮ ಮಹಡಿ ಮನೆಗೆ ಬಾಡಿಗೆಯವರು ಬಾರದೇ ಹೋದದ್ದು ನನ್ನ ಬಾಯಿಂದಲೇ. ಕಂಪ್ಯೂಟರಿನ ತಪ್ಪಿಲ್ಲ, ಗ್ರಹಚಾರದ ತಪ್ಪೂ ಇಲ್ಲ.

ಕೃಷ್ಣರಾಜಪುರದ ಈಚೆಗೆ, ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ನಾವು ಮನೆ ಕಟ್ಟಿಸಿದ್ದು. ಯುಗಾದಿಯಿಂದ ಮಹಡಿ ಖಾಲಿ. ಯಾರಾದರೂ ಬಂದು ಅಡ್ವಾನ್ಸ್ ಕೊಟ್ಟರೆ ನನ್ನ ಕಣ್ಣಿನ ಪೊರೆ ತೆಗೆಸುವುದೆಂದು ಮಗ ಹೇಳಿದ್ದ.

ಒಂದು ದಿನ ಸೊಸೆ ರತ್ನ ಕಂಪ್ಯೂಟರ್ ಮುಂದೆ ಕೂತು ಕೂಗಿದಳು.

"ಅತ್ತೆ, ಇದ್ರಲ್ಲಿ ವಿಶ್ವಕೋಶ ಐತೆ. ನಮ್ಮೂರೂ ಐತೆ! ಎಲ್ಲಾ ಬಿಟ್ಟಿ. ಯಾರ್ ಬೇಕಾದ್ರೂ ಬರೀಬೋದು, ಯಾರ್ ಬೇಕಾದ್ರೂ ತಿದ್ದಬೋದು."

ಬಿಟ್ಟಿ ಎಂದದ್ದು ಕೇಳಿಸಿತು. ಬರೀಬೋದು ಎಂದದ್ದೂ ಕೇಳಿಸಿತು. ಮೂರನೆಯದಕ್ಕೆ ನಾನು ಕಿವಿ ಕೊಡಲಿಲ್ಲ!

"ಹಂಗಾದ್ರೆ ಬರಿಯೇ. ಈ ಊರಲ್ಲಿ ಹಗಲೂ ರಾತ್ರಿ ಸಿಹಿನೀರು ಬರ್ತದೆ ಅಂತ."

"ಅತ್ತೆ, ನಲ್ಲೀಲಿ ಗಾಳಿ ಬರ್ತೈತೆ."

"ಗಾಳಿ ವಿಷ್ಯ ಯಾರು ಕೇಳಿದ್ರು? ಬರಿ!"

ಬರೆದಳು. ಎರಡನೇ ಕ್ಲಾಸಿಗೇ ಸ್ಲೇಟು ಬಿಸಾಕಿದ ನಾನು ಲೋಕಕ್ಕೆಲ್ಲ ಜ್ಞಾನ ಹಂಚಿದವಳಾದೆ!

ಮುಂದಿನ ಭಾನುವಾರ ಇಂದಿರಾನಗರದಿಂದ ಗಂಡ ಹೆಂಡತಿ ಮನೆ ನೋಡಲು ಬಂದರು. ಮನೆ ಹಿಡಿಸಿತು. ಗಂಡ ಅಡ್ವಾನ್ಸಿನ ಮಾತೆತ್ತಿದ. ನನಗಾಗಲೇ ಅರ್ಧ ಕಣ್ಣು ಕಂಡಹಾಗಾಯಿತು! ಅಷ್ಟರಲ್ಲಿ ಹೆಂಡತಿ ಕೇಳಿದಳು.

"ನೀರು ಹೇಗೆ ಅಜ್ಜಿ?"

"ನಾನ್ಯಾಕಮ್ಮ ಹೇಳ್ಲಿ? ವಿಶ್ವಕೋಶದಲ್ಲೇ ಐತೆ. ರತ್ನಾ, ಕಂಪ್ಯೂಟರ್ ಹಾಕು!"

ರತ್ನ ಬೇಡವೆಂದು ಕಣ್ಸನ್ನೆ ಮಾಡಿದಳು. ಕಾಲು ತುಳಿದಳು. ನಾನು ಜಗ್ಗಲಿಲ್ಲ. ಗಂಡ ಜೋರಾಗಿ ಓದಿದ.

"ಈ ಊರಿನ ನಲ್ಲಿಗಳಲ್ಲಿ ನೀರು ಬರುವುದಿಲ್ಲ. ಟ್ಯಾಂಕರ್ ಬಂದಾಗ ಹಿಡಿದುಕೊಳ್ಳಬೇಕು. ಮಹಡಿಯವರು ಬಿಂದಿಗೆ ಹೊತ್ತು ಮೆಟ್ಟಿಲು ಹತ್ತಬೇಕು."

ಇಬ್ಬರೂ ಚಪ್ಪಲಿ ಮೆಟ್ಟಿಕೊಂಡರು. ಕಾಫಿಯನ್ನೂ ಕುಡಿಯಲಿಲ್ಲ.

"ಯಾವನೇ ಅವನು, ನನ್ ಮಾತು ತಿದ್ದಿದೋನು?"

"ನಾನೇ ಅತ್ತೆ. ನೀವ್ ಹೇಳಿದ್ದನ್ನೂ ನಾನೇ ಬರ್ದೆ. ಮಾರನೇ ದಿನ ನೀರು ಹೊತ್ತು ಸೊಂಟ ಬಿದ್ದೋದ್ಮೇಲೆ ನಿಜಾನೂ ನಾನೇ ಬರ್ದೆ. ಈ ಮನೇಲಿ ನಿಮ್ಮನ್ನ ತಿದ್ದೋಕಾಗಲ್ಲ, ಅಲ್ಲಿ ತಿದ್ದಬೋದು!"

ಅವರು ಮುಟ್ಟದೆ ಬಿಟ್ಟ ಕಾಫಿ ಲೋಟವನ್ನು ಅವಳ ಮುಂದೆ ಕುಕ್ಕಿ ಒಳಗೆ ಹೋದೆ.

ಮಾರನೆಯ ಬೆಳಗ್ಗೆ ಟ್ಯಾಂಕರ್ ಬಂತು. ರತ್ನ ಸೊಂಟ ಹಿಡಿದುಕೊಂಡು ಏಳುವ ಮೊದಲೇ ನಾನು ಬಿಂದಿಗೆ ತಗೊಂಡು ಹೋಗಿ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂತು. ಪೈಪು ಹಿಡಿದೆ. ಪೊರೆಗಣ್ಣಿಗೆ ಬಿಂದಿಗೆಯ ಬಾಯಿ ಎಲ್ಲಿ ಕಾಣಬೇಕು! ಪಕ್ಕದ ಮನೆಯ ಮುನಿರಾಜು ಹಾರಿ ಹಿಂದಕ್ಕೆ ಸರಿದ.

"ಅಜ್ಜೀ, ನಾನೇನ್ ನಿಮ್ಮನೆ ಮದುವೆ ಗಂಡಾ? ಕಾಲ್ ತೊಳೀತಿದೀರಲ್ಲ!"