ಖಾಲಾನ ಹಸಿರು ಬಟ್ಟಲು

ಹಳೆಯ ಗಾಜು ಮತ್ತು ಪಿಂಗಾಣಿ ಸಾಮಾನುಗಳನ್ನು ಗುರುತಿಸುವುದರಲ್ಲಿ ಸವಣೂರು ತಾಲ್ಲೂಕಿಗೆಲ್ಲ ನಾನೇ ಮೊದಲಿಗಳು ಎಂದು ಈ ಮೂಲಕ ತಿಳಿಯಪಡಿಸುತ್ತೇನೆ. ಬೇರೆ ಯಾರೂ ಹಾಗೆ ಹೇಳಿಲ್ಲ, ನಿಜ. ಆದರೆ ಮಧ್ಯಾಹ್ನ ಊಟವಾದ ಮೇಲೆ ಮೊಬೈಲಿನಲ್ಲಿ ಈ ವಿಷಯದ ವಿಡಿಯೊಗಳನ್ನು ಒಂದೂ ಬಿಡದೆ ನೋಡಿದವಳು ನಮ್ಮ ಓಣಿಯಲ್ಲಿ ನಾನೊಬ್ಬಳೇ.

ಯಾವ ಪಾತ್ರೆ ಸಿಕ್ಕರೂ ಮೊದಲು ಬೋರಲು ಹಾಕಿ ತಳದ ಗುರುತು ನೋಡಬೇಕು. ಆಮೇಲೆ ಉಗುರಿನಿಂದ ಮೀಟಬೇಕು. ಟಣ್ ಎಂದರೆ ಗಟ್ಟಿ ಮಾಲು, ಟಕ್ ಎಂದರೆ ಸೀಳು ಬಿಟ್ಟಿದೆ. ಹಳೆಯ ಗಾಜಾದರೆ ಬೆಳಕಿಗೆ ಹಿಡಿದಾಗ ಒಳಗೆ ಸಣ್ಣ ಗುಳ್ಳೆಗಳು ಕಾಣಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಇಂಥ ಸಾಮಾನನ್ನು ಕಪಾಟಿನಲ್ಲಿ ಕೂಡಿಹಾಕದೆ ದಿನವೂ ಬಳಸಬೇಕು.

ಈ ವಿದ್ಯೆಯ ಮೊದಲ ಪ್ರಯೋಗ ಶಿಗ್ಗಾಂವಿಯ ಬೀಗರ ಮನೆಯಲ್ಲಿ ನಡೆಯಿತು. ಅವರು ಕೊಟ್ಟ ಕಪ್ಪಿನ ಅಂಚಿಗೆ ಬಂಗಾರದ ಗೆರೆ ಇತ್ತು. ತಡೆಯಲಾರದೆ ಬೋರಲು ಮಾಡಿದೆ. ಚಹಾ ಇನ್ನೂ ಕುಡಿದಿರಲಿಲ್ಲ ಎಂಬುದು ಆಮೇಲೆ ನೆನಪಾಯಿತು! ಬೀಗರ ಜಮಖಾನೆಯ ಬಣ್ಣ ಬದಲಾಯಿತು. ನಮ್ಮ ಮನೆಯವರು ಸವಣೂರು ಮುಟ್ಟುವತನಕ ಬಸ್ಸಿನಲ್ಲಿ ಕಿಟಕಿಯ ಹೊರಗೇ ನೋಡುತ್ತಿದ್ದರು.

ಅದಾಗಿ ಕೆಲವು ದಿನಕ್ಕೆ ರಂಜಾನ್ ಬಂತು. ಪಕ್ಕದ ಮನೆಯ ಹಾಜರಾ ಖಾಲಾ ಪ್ರತಿ ವರ್ಷದಂತೆ ಹಾಲು, ಶಾವಿಗೆ, ಖರ್ಜೂರದ ಸುರಕುಂಬಾ ಕಳಿಸಿದರು. ಅವರದು ವೀಳ್ಯದೆಲೆ ವ್ಯಾಪಾರದ ಮನೆತನ. ನಮ್ಮ ಅತ್ತೆಗೂ ಅವರಿಗೂ ಅಕ್ಕತಂಗಿಯರಷ್ಟು ಬಳಕೆ. ಯಾವಾಗಲೂ ಸ್ಟೀಲ್ ಡಬ್ಬಿಯಲ್ಲಿ ಬರುತ್ತಿದ್ದ ಸುರಕುಂಬಾ ಈ ಸಲ ಗಾಜಿನ ಬಟ್ಟಲಲ್ಲಿ ಬಂದಿತ್ತು.

ಆ ಬಟ್ಟಲು! ಎಳೆ ವೀಳ್ಯದೆಲೆಯ ಹಸಿರು, ಹೂವಿನ ದಳದಂಥ ಅಂಚು, ಕೆಳಗೊಂದು ಪುಟ್ಟ ಪಾದ. ಸುರಕುಂಬಾ ಮುಗಿಸಿ, ತೊಳೆದು, ಕಿಟಕಿಗೆ ಹಿಡಿದೆ. ಗುಳ್ಳೆಗಳಿದ್ದವು. ಮೀಟಿದೆ. ಟಣ್ ಎಂದ ಸದ್ದು ಅಡುಗೆಮನೆ ತುಂಬಿ, ನಿಧಾನವಾಗಿ ಕರಗಿತು. ನನ್ನ ಮೈಮೇಲೆ ಮುಳ್ಳೆದ್ದವು.

ಇನ್ನೊಂದು ಪರೀಕ್ಷೆ ಬಾಕಿ ಇತ್ತು. ಕೆಲವು ಹಳೆಯ ಹಸಿರು ಗಾಜಿನಲ್ಲಿ ಯುರೇನಿಯಂ ಬೆರೆಸಿರುತ್ತಾರೆ, ನೇರಳೆ ಬೆಳಕು ಬಿದ್ದರೆ ಅದು ಹೊಳೆಯುತ್ತದೆ ಎಂದು ಕೇಳಿದ್ದೆ. ನೇರಳೆ ಬೆಳಕು ಸವಣೂರಿನಲ್ಲಿ ಎಲ್ಲಿ ಸಿಗಬೇಕು? ನಮ್ಮ ಮನೆಯವರ ಬೀಜ ಗೊಬ್ಬರದ ಅಂಗಡಿಯಲ್ಲಿ, ಖೋಟಾ ನೋಟು ನೋಡುವ ಯಂತ್ರದಲ್ಲಿ! ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಡಿದೆ. ಹಿರೇಬೆಂಡಿಗೇರಿಯ ರೈತರಿಬ್ಬರು ಗೋವಿನಜೋಳದ ಬೀಜಕ್ಕೆ ನಿಂತಿದ್ದರು. ಅವರನ್ನು ಸರಿಸಿ, ಯಂತ್ರದ ಕೆಳಗೆ ಬಟ್ಟಲಿಟ್ಟು ಗುಂಡಿ ಒತ್ತಿದೆ.

ಬಟ್ಟಲು ಹೊತ್ತಿಕೊಂಡಿತು. ಬೆಂಕಿಯಿಲ್ಲದೆ, ಸದ್ದಿಲ್ಲದೆ, ಒಳಗಿನಿಂದಲೇ ಹಸಿರಾಗಿ ಬೆಳಗಿತು. ಮದಗದ ಕೆರೆಯ ನೀರುಂಡ ಮಾಸೂರಿನ ಭತ್ತದ ಗದ್ದೆಗೆ ಬೆಳಗಿನ ಬಿಸಿಲು ಬಿದ್ದಾಗ ಒಂದು ಹಸಿರು ಕಾಣುತ್ತದಲ್ಲ, ಅದನ್ನೇ ಯಾರೋ ಬಟ್ಟಲಲ್ಲಿ ತುಂಬಿಟ್ಟಂತಿತ್ತು. ರೈತರು ಟೋಪಿ ತೆಗೆದರು. ನನಗೆ ಕಣ್ಣು ತುಂಬಿ ಬಂತು.

"ಇದರಾಗ ಯುರೇನಿಯಂ ಐತ್ರಿ," ಎಂದೆ.

ನಮ್ಮ ಮನೆಯವರು ಕೇಳಿದರು: "ಬಾಂಬಿಗೆ ಹಾಕ್ತಾರಲ್ಲ, ಅದು? ನಾ ಅದರಾಗಿನ ಸುರಕುಂಬಾ ಎರಡು ಸಲ ಹಾಕಿಸಿಕೊಂಡು ತಿಂದೇನಲ್ಲ."

ಕೂದಲೆಳೆಯಷ್ಟೇ ಇರುತ್ತದೆ, ಏನೂ ಆಗುವುದಿಲ್ಲ ಎಂದು ಹೇಳುವಷ್ಟರಲ್ಲಿ ರೈತರು ಬೀಜ ಬಿಟ್ಟು ಹೋಗಿದ್ದರು. ಅಂದಿನಿಂದ ನಮ್ಮ ಮನೆಯವರು ಆ ಬಟ್ಟಲಿದ್ದ ಕಡೆಗೆ ಬೆನ್ನು ಮಾಡಿ ಕೂತು ಉಣ್ಣತೊಡಗಿದರು.

ನಮ್ಮ ಕಡೆ ಒಂದು ಪದ್ಧತಿ ಇದೆ. ಪಕ್ಕದವರ ಪಾತ್ರೆಯನ್ನು ಖಾಲಿ ತಿರುಗಿಸಬಾರದು, ಏನಾದರೂ ತುಂಬಿಯೇ ಕೊಡಬೇಕು. ಕೊಟ್ಟವರೂ ಅದನ್ನು ಬಾಯಿಬಿಟ್ಟು ಕೇಳಬಾರದು. ಈ ಪದ್ಧತಿ ನನ್ನನ್ನು ಹಾಳು ಮಾಡಿತು. ಇಂಥ ಬಟ್ಟಲಿಗೆ ತಕ್ಕ ತಿನಿಸು ಯಾವುದು? ಚಕ್ಕುಲಿಯಿಂದ ಗೀರು ಬಿದ್ದೀತು. ಉಂಡೆ ತೀರ ಸಾಮಾನ್ಯ. ಯೋಚನೆ ಮುಗಿಯುವತನಕ ಇರಲಿ ಎಂದು ಶಾಸ್ತ್ರೋಕ್ತವಾಗಿ ದಿನವೂ ಬಳಸತೊಡಗಿದೆ. ಬೆಳಿಗ್ಗೆ ಅದರಲ್ಲಿ ಉಪ್ಪಿಟ್ಟು, ಸಂಜೆ ಗಿರಮಿಟ್ಟು. ಇದು ಸವಣೂರು ನವಾಬರ ಊಟದ ಮೇಜಿನ ಮೇಲಿದ್ದದ್ದು ಎಂದು ಓಣಿಗೆಲ್ಲ ಹೇಳಿದೆ. ಪಡಸಾಲೆಯಲ್ಲಿ ಕೂತು ಅವರೆ ಸುಲಿಯುತ್ತಿದ್ದ ಅತ್ತೆಗೂ ಹೇಳಿದೆ.

"ಹೌದೇನು? ಇರಬಹುದವಾ," ಎಂದು ಅವರು ಅವರೆ ಸುಲಿದರು.

ಒಂದು ಸಂಜೆ ಖಾಲಾ ಬಂದರು. ಚಹಾ ಕುಡಿದರು, ಎಲೆಯ ದರದ ಮಾತಾಡಿದರು. ಎದ್ದು ಹೊರಡುವಾಗ ಹೇಳಿದರು: "ಶುಕ್ರವಾರ ನನ್ನ ಸಣ್ಣ ಮಗಳು ಶಬಾನಾಂದು ಮಂಗನಿ ಐತಿ, ಬೇಟಿ, ಲಗ್ನದ ನಿಶ್ಚಯ. ನಾ ಈ ಮನಿಗೆ ಬಂದಾಗಿಂದ ಎಲ್ಲಾ ಶುಭಕ್ಕೂ ಮೊದಲ ತುತ್ತು ಆ ಹಸಿರು ಬಟ್ಟಲದಾಗಿಂದನ. ದೊಡ್ಡಾಕಿ ನಿಶ್ಚಯಕ್ಕೂ ಅದ. ನೀವು ಎಲ್ಲಾರೂ ಬರಬೇಕು."

ಬಟ್ಟಲು ಕೊಡು ಎನ್ನಲಿಲ್ಲ. ಕೇಳಬಾರದಲ್ಲ! ನನಗೆ ನಾಚಿಕೆಯಾಯಿತು. ಶುಕ್ರವಾರ ಬೆಳಿಗ್ಗೆ ಗೋಧಿ ಹುಗ್ಗಿ ತುಂಬಿಯೇ ಕೊಡುತ್ತೇನೆ, ಮೊದಲ ತುತ್ತು ನನ್ನ ಕೈಯ ಹುಗ್ಗಿಯದೇ ಆಗಲಿ ಎಂದು ನಿಶ್ಚಯಿಸಿದೆ.

ಶುಕ್ರವಾರ ತುಪ್ಪ, ಗಸಗಸೆ, ಕೊಬ್ಬರಿ ಬಿದ್ದ ಹುಗ್ಗಿ ಕುದಿಯುತ್ತಿತ್ತು. ಬಟ್ಟಲು ಥಳಥಳ ಹೊಳೆಯಲಿ ಎಂದು ಫ್ರಿಜ್ಜಿನ ತಣ್ಣೀರಿನಲ್ಲಿ ತೊಳೆದು, ಒರೆಸಿ, ಒಲೆಯ ಮೇಲಿನಿಂದ ನೇರವಾಗಿ ಒಂದು ಸೌಟು ಸುರಿದೆ.

ಟಕ್.

ಬಟ್ಟಲು ಎರಡು ಹೋಳಾಗಿ, ನಡುವೆ ಹುಗ್ಗಿ ಆರಾಮಾಗಿ ಕೂತಿತ್ತು. ಹಳೆಯ ಗಾಜಿಗೆ ಬಿಸಿ ಪದಾರ್ಥ ಹಾಕಬಾರದು ಎಂಬ ವಿಡಿಯೊವನ್ನು ನಾನು ನೋಡಿದ್ದೆ. ಹೊರಗೆ ಖಾಲಾನ ಮನೆ ಮುಂದೆ ಆಗಲೇ ಶಾಮಿಯಾನ ಹಾಕುತ್ತಿದ್ದರು. ಆ ಹುಡುಗಿಯ ಶುಭದ ದಿನ ನಾನೇ ಅಪಶಕುನವಾಗಿ ನಿಂತೆನಲ್ಲ ಎಂದು ಒಲೆಯ ಮುಂದೆ ಕೂತು ಗೊಳೋ ಎಂದು ಅತ್ತೆ.

ಅತ್ತೆ ಕೋಲೂರಿಕೊಂಡು ಬಂದು ಬಗ್ಗಿ ನೋಡಿದರು.

"ಅಳಬ್ಯಾಡ. ಬಚ್ಚಲದಾಗ ಇನ್ನೊಂದು ಐತಲ್ಲ, ತಗೊಂಡು ಬಾ."

"ಇನ್ನೊಂದಾ? ಯಾವುದ್ರಿ ಅತ್ತಿ?"

"ನೀ ಅರಬಿ ಒಗಿಯೂ ಪುಡಿ ತುಂಬಿ ಇಡ್ತೀಯಲ್ಲ, ಅದು."

ಬಚ್ಚಲ ಗೂಡಿನಲ್ಲಿದ್ದ ಆ ಬೋಗುಣಿಗೆ ನಾನೇ ವಾರವಾರ ನಿಂಬೆ ವಾಸನೆಯ ಸೋಪಿನ ಪುಡಿ ತುಂಬುತ್ತಿದ್ದೆ. ಒಳಗೂ ಹೊರಗೂ ಬೆಳ್ಳಗೆ ಹಕ್ಕಳೆಗಟ್ಟಿತ್ತು. ಪ್ಲಾಸ್ಟಿಕ್ಕೆಂದೇ ತಿಳಿದಿದ್ದೆ! ಅತ್ತೆ ಹುಣಸೆಹಣ್ಣು ಹಾಕಿ ತಿಕ್ಕು ಎಂದರು. ತಿಕ್ಕಿದೆ. ಬಿಳಿ ಕಳಚಿ ಮೊದಲು ಒಂದು ದಳ ಕಂಡಿತು. ಆಮೇಲೆ ಪಾದ. ಆಮೇಲೆ ಎಳೆ ವೀಳ್ಯದೆಲೆಯ ಆ ಹಸಿರು, ಪೂರ್ತಿ. ಉಗುರಿನಿಂದ ಮೀಟಿದೆ. ಟಣ್ ಎಂದಿತು. ಇಷ್ಟು ವರ್ಷ ಮೈತುಂಬ ಸೋಪು ಹೊತ್ತು ನಿಂತಿದ್ದ ಬಟ್ಟಲಿನ ಮುಂದೆ ನಾನು ಬಚ್ಚಲಲ್ಲೇ ಕೈ ಮುಗಿದೆ.

ಅತ್ತೆ ಹೇಳಿದಂತೆ ನಡೆದದ್ದು ಇಷ್ಟು. ಖಾಲಾ ಸೊಸೆಯಾಗಿ ಪಕ್ಕದ ಮನೆಗೆ ಬಂದ ವರ್ಷ ನಮ್ಮ ಮಾವ ಹುಬ್ಬಳ್ಳಿಯ ಹಳೇ ಸಾಮಾನಿನ ಅಂಗಡಿಯಿಂದ ಜೋಡಿ ಬಟ್ಟಲು ತಂದಿದ್ದರು. ಅತ್ತೆ ಒಂದರಲ್ಲಿ ಹುಗ್ಗಿ ತುಂಬಿ ಹೊಸ ಸೊಸೆಗೆ ಕೊಟ್ಟರು. ಇನ್ನೊಂದು ನಮ್ಮಲ್ಲುಳಿಯಿತು. ನವಾಬರಿಗೂ ಇದಕ್ಕೂ ಏನೂ ಸಂಬಂಧವಿಲ್ಲ. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, "ನೀ ಎಲ್ಲಾ ತಿಳಕೊಂಡಾಕಿ, ನನ್ನ ಎಲ್ಲಿ ಕೇಳಿದಿ," ಎಂದರು.

ಹುಗ್ಗಿಯನ್ನು ಪೂರ್ತಿ ಆರಿಸಿ, ತುಂಬಿ, ಎದೆಗವಚಿಕೊಂಡು ಹೋದೆ. ಖಾಲಾ ಬಟ್ಟಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಹೆಬ್ಬೆರಳಿನಿಂದ ಪಾದವನ್ನೊಮ್ಮೆ ಸವರಿದರು. ಅವರ ಬಟ್ಟಲಿನ ಪಾದಕ್ಕೆ ಸಣ್ಣ ಕಚ್ಚಿತ್ತಂತೆ. ಇದಕ್ಕಿರಲಿಲ್ಲ. ನಾನು ಬಾಯಿಬಿಟ್ಟೆ, ಎಲ್ಲ ಹೊರಬಂತು: ಫ್ರಿಜ್ಜು, ಸೌಟು, ಸೋಪು, ಅಳು.

ಖಾಲಾ ನನ್ನ ಕಣ್ಣೊರೆಸಿದರು. "ನಿಮ್ಮ ಅತ್ತಿಯವರು ಆವಾಗೊಮ್ಮೆ ಕೊಟ್ಟಿದ್ರು, ಈಗ ನನ್ನ ಮಗಳಿಗಂತ ಮತ್ತೊಮ್ಮೆ ಕೊಟ್ಟಂಗಾತು. ಇದಕ್ಕಿಂತ ಶುಭ ಯಾವುದೈತಿ? ಬಾ, ಮೊದಲ ತುತ್ತು ನೀನ ತಿನ್ನಿಸು."

ಶಾಮಿಯಾನದ ಕೆಳಗೆ ಜನ ಸುತ್ತುಗಟ್ಟಿ ನಿಂತಿದ್ದರು. ಅಂಚಿನಿಂದ ತೂರಿ ಬಂದ ಬಿಸಿಲಿಗೆ ಬಟ್ಟಲು ಹಸಿರಾಗಿ ಹೊಳೆಯಿತು. ಶಬಾನಾಳ ಬಾಯಿಗೆ ಹುಗ್ಗಿ ಇಟ್ಟೆ. ಬಳಿಕ ರುಚಿ ನೋಡಿದ ಹುಡುಗನ ತಾಯಿ, "ಹುಗ್ಗಿಗೆ ಏನ್ ಹಾಕೀರಿ? ನಿಂಬಿಹಣ್ಣಿನಂಗ ಘಮ್ ಅಂತೈತಿ," ಎಂದು ಕೇಳಿದರು. ಏಲಕ್ಕಿ ಎಂದೆ. ನಮ್ಮ ಮನೆಯವರು ಶಾಮಿಯಾನದ ಕಂಬದ ಕಡೆ ಮುಖ ತಿರುಗಿಸಿದರು.

ವಾರ ಕಳೆದು ಖಾಲಾ ಮಂಗನಿಯ ಸಿಹಿ ಕಳಿಸಿದರು. ಸ್ಟೀಲ್ ಡಬ್ಬಿಯಲ್ಲಿ! ಬಿದ್ದರೂ ಒಡೆಯುವುದಿಲ್ಲ ಎಂಬ ಮುಂಜಾಗ್ರತೆ ನನಗೆ ಅರ್ಥವಾಯಿತು. ಆದರೂ ಅಭ್ಯಾಸ ಬಿಡುತ್ತದೆಯೇ? ತಳದ ಗುರುತು ನೋಡಲು ಬೋರಲು ಮಾಡಿದೆ. ಮುಚ್ಚಳ ಸಡಿಲಾಗಿತ್ತು. ಸಿಹಿಯೆಲ್ಲ ನನ್ನ ಸೀರೆಯ ಮೇಲೆ ಬಿತ್ತು. ತಳದ ಗುರುತು ಮಾತ್ರ ಸ್ಪಷ್ಟವಾಗಿ ಕಂಡಿತು. ಅಲ್ಲಿ ಕೊರೆದಿದ್ದ ಹೆಸರು ನನ್ನದೇ. ನನ್ನ ಮದುವೆಗೆ ತವರಿನವರು ಕೊಟ್ಟ ಡಬ್ಬಿ. ಎರಡು ಮನೆಗಳ ನಡುವೆ ಎಷ್ಟು ವರ್ಷದಿಂದ ಓಡಾಡುತ್ತಿತ್ತೋ ಏನೋ.

ನನ್ನ ಇಡೀ ಅನುಭವದಲ್ಲಿ ನಾನು ತಪ್ಪಿಲ್ಲದೆ ಗುರುತು ಹಿಡಿದ ಪಾತ್ರೆ ಅದೊಂದೇ. ಅದೂ ಹೆಸರು ಬರೆದಿದ್ದರಿಂದ.