ಡಿಕ್ಕಿಯೊಳಗೆ ಶಿವಮಲ್ಲಪ್ಪನವರು

ಪ್ರೇಮಲೀಲಾ: ಗಾಳದ ದಾರ! ನಮ್ಮನೆಗೆ ಗಾಳದ ದಾರ ತಂದ್ರಾ?

ಶಿವಮಲ್ಲಪ್ಪ: ದಾರ ಮಾತ್ರ ತಂದಿದ್ದೀನಿ ಕಣೆ. ಮೀನೇನೂ ತಂದಿಲ್ವಲ್ಲ.

ಪ್ರೇಮಲೀಲಾ: ಇವತ್ತು ದಾರ, ನಾಳೆ ಕೊಕ್ಕೆ. ಮಠದ ಸ್ವಾಮಿಗಳು ಪಾದಪೂಜೆಗೆ ಬಂದಾಗ ಕಣ್ಣಿಗೆ ಬಿದ್ರೆ ಏನು ಹೇಳ್ತೀರಾ?

ಶಿವಮಲ್ಲಪ್ಪ: ಸ್ಪಾಯ್ಲರ್ ಬಿಚ್ಚೋಕೆ ಅಂತೀನಿ. ಅದರ ಕೆಳಗಡೆ ಅಂಟು ಟೇಪ್ ಇರುತ್ತೆ. ಹೇರ್ ಡ್ರೈಯರಲ್ಲಿ ಬಿಸಿ ಮಾಡಿ, ಈ ದಾರ ತೂರಿಸಿ, ಗರಗಸದ ಥರ ಎಳೀತಾ ಬಂದ್ರೆ ಬೆಣ್ಣೆ ಥರ ಬಿಟ್ಕೊಳುತ್ತೆ. ಮೂರು ವಿಡಿಯೊ ನೋಡಿದ್ದೀನಿ.

ಪ್ರೇಮಲೀಲಾ: ಮಿಕ್ಸಿ ಬಿಚ್ಚೋವಾಗ ಎಷ್ಟು ನೋಡಿದ್ರಿ?

ಶಿವಮಲ್ಲಪ್ಪ: ಅದು ಬೇರೆ ವಿಷಯ.

ಪ್ರೇಮಲೀಲಾ: ಎರಡು ವರ್ಷದಿಂದ ಒರಳಲ್ಲಿ ಚಟ್ನಿ ರುಬ್ಬೋಳು ನಾನು. ನನಗೆ ಅದೇ ವಿಷಯ. ಸುಮ್ನೆ ಮಹೇಶನ ಗ್ಯಾರೇಜಿಗೆ ಕೊಟ್ಬುಡಿ ಅಂದೆ.

ಶಿವಮಲ್ಲಪ್ಪ: ಗ್ಯಾರೇಜ್ ಬೇಡ! ಗ್ಯಾರೇಜ್ ಮಾತ್ರ ಬೇಡ.

ಬೋಗಾದಿಯ ಹೊಸ ಬಡಾವಣೆಯ ಮನೆಯೊಂದರ ಅಂಗಳದಲ್ಲಿ ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಈ ವಾದ ನಡೆದಿತ್ತು. ಶಿವಮಲ್ಲಪ್ಪನವರು ಕಾಲೇಜೊಂದರ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಸಹಾಯಕರಾಗಿದ್ದು ನಿವೃತ್ತರಾದವರು. ಪ್ರೇಮಲೀಲಾಗೆ ನಜರ್‌ಬಾದಿನಲ್ಲಿ ರವಿಕೆ ಹೊಲಿಯುವ ಅಂಗಡಿ. ದಿನವೂ ಕಾರು ಓಡಿಸಿಕೊಂಡು ಹೋಗುವವರು ಅವರೇ. ಆ ಕೆಂಪು ಕಾರಿನ ಡಿಕ್ಕಿಯ ಮೇಲೆ ಕಂಪನಿಯವರೇ ಕೂರಿಸಿಕೊಟ್ಟ ಬಂಪರಿಗಿಂತ ಹಿಂದಕ್ಕೆ ಚಾಚಿದ, ರೆಕ್ಕೆಯಂಥ ಸ್ಪಾಯ್ಲರ್ ಒಂದಿತ್ತು. ಹದಿನೈದು ದಿನಗಳ ಹಿಂದೆ ಅದು ಸೀಳಿತ್ತು. ಪಕ್ಕದ ಮನೆಯ ವಾಗೀಶರ ತೆಂಗಿನ ಮರದಿಂದ ಕಾಯಿ ಬಿತ್ತೆಂದು ಶಿವಮಲ್ಲಪ್ಪನವರು ಹೇಳಿದ್ದರು. ವಾಗೀಶರು ನೋಟರಿ ವಕೀಲರು, ಮರ್ಯಾದಸ್ಥರು. ಬಹಳ ನೊಂದುಕೊಂಡು ಹೊಸ ಸ್ಪಾಯ್ಲರನ್ನು ತಾವೇ ತರಿಸಿಕೊಟ್ಟಿದ್ದರು. ಅಂದಿನಿಂದ ಕಾಂಪೌಂಡಿನ ಈಚೆಗೆ ಕಾಫಿಗೂ ಬಂದಿರಲಿಲ್ಲ.

ಡ್ರೈಯರ್ ಗುಂಯ್‌ಗುಟ್ಟಿತು. ದಾರದ ಒಂದು ತುದಿ ಗಂಡನ ಕೈಯಲ್ಲಿ, ಇನ್ನೊಂದು ಹೆಂಡತಿಯ ಕೈಯಲ್ಲಿ.

ಶಿವಮಲ್ಲಪ್ಪ: ನಾನು ಎಳೆದಾಗ ನೀನು ಬಿಡಬೇಕು. ನೀನು ಎಳೆದಾಗ ನಾನು ಬಿಡ್ತೀನಿ.

ಪ್ರೇಮಲೀಲಾ: ಮೂವತ್ತೊಂದು ವರ್ಷದಲ್ಲಿ ನೀವು ಯಾವತ್ತು ಬಿಟ್ಟಿದ್ದೀರಾ?

ಶಿವಮಲ್ಲಪ್ಪ: ಈಗ ಬಿಟ್ಟೆ ನೋಡು. ಎಳಿ! ಹಾಂ, ಅಂಗೇ. ಟೇಪ್ ಪೂರ್ತಿ ಕುಯ್ದೋಯ್ತು. ಇನ್ನು ಒಳಗಡೆ ಒಂದೇ ಒಂದು ನಟ್ಟು. ಮೂಲೇಲಿದೆ, ನಾನು ಡಿಕ್ಕಿಯೊಳಗೆ ಮಲಗಿ ಬಿಚ್ತೀನಿ. ನೀನು ಹೊರಗಿಂದ ಸ್ಪಾಯ್ಲರ್ ಹಿಡ್ಕೊ. ನಾನು ಹೇಳೋವರೆಗೆ ಎಳೀಬೇಡ.

ಶಿವಮಲ್ಲಪ್ಪನವರು ಸ್ಟೆಪ್ನಿಯ ಮೇಲೆ ಅಂಗಾತ ಮಲಗಿ, ಮೊಣಕಾಲನ್ನು ಎದೆಗೆ ಮಡಚಿ, ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡರು. ಪ್ರೇಮಲೀಲಾ ಡಿಕ್ಕಿಯ ಬಾಗಿಲನ್ನು ಅರ್ಧಕ್ಕಿಳಿಸಿ ರೆಕ್ಕೆಯನ್ನು ಎರಡೂ ಕೈಯಲ್ಲಿ ಹಿಡಿದರು.

ಶಿವಮಲ್ಲಪ್ಪ: ಎಳೀಏಏಡ!

ಪ್ರೇಮಲೀಲಾ: ಎಳೀಲಾ?

ಶಿವಮಲ್ಲಪ್ಪ: ಏಏಡ!

ಪ್ರೇಮಲೀಲಾ: ಎಡಗಡೆಗಾ? ಸರಿ.

ಎಳೆದರು. ರೆಕ್ಕೆ ಕಿತ್ತುಬಂತು. ಎಳೆದ ರಭಸಕ್ಕೆ ಓಲಾಡಿ, ಬೀಳಬಾರದೆಂದು ಪ್ರೇಮಲೀಲಾ ಮುಂದಕ್ಕೆ ವಾಲಿದರು. ಅವರ ಮೊಣಕೈ ಬಾಗಿಲ ಮೇಲೆ ಊರಿತು. ಡಿಕ್ಕಿ ಟಪ್ಪನೆ ಮುಚ್ಚಿಕೊಂಡಿತು.

ಪ್ರೇಮಲೀಲಾ: ಅಯ್ಯೋ ಶಿವನೆ! ರೀ! ಇದ್ದೀರಾ?

ಶಿವಮಲ್ಲಪ್ಪ (ಒಳಗಿನಿಂದ): ಇಲ್ಲದೆ ಎಲ್ಲಿಗೆ ಹೋಗ್ಲಿ?

ಪ್ರೇಮಲೀಲಾ: ಕೀ ಎಲ್ಲಿ?

ಶಿವಮಲ್ಲಪ್ಪ: ನನ್ನ ಜೇಬಲ್ಲಿ. ಅದರ ಗುಂಡಿ ಒತ್ತಿದೆ. ಬಾಗಿಲು ತೆರೀತಾ?

ಪ್ರೇಮಲೀಲಾ: ನಾಲ್ಕೂ ಬಾಗಿಲು ತೆರೀತು. ಡಿಕ್ಕಿ ಒಂದು ಬಿಟ್ಟು.

ಶಿವಮಲ್ಲಪ್ಪ: ಸ್ಪಾಯ್ಲರಿನ ಲೈಟಿನ ವೈರ್ ಬಿಚ್ಚಿದ್ನಲ್ಲ, ಅದರ ಜೊತೆ ಲಾಕಿನ ವೈರೂ ಬಿಚ್ಬಿಟ್ಟಿದ್ದೀನಿ ಅನ್ಸುತ್ತೆ. ಇದು ವಿಡಿಯೊದಲ್ಲಿ ಇರ್ಲಿಲ್ಲ.

ಪ್ರೇಮಲೀಲಾ ವಾಗೀಶರಿಗೆ ಫೋನ್ ಹಚ್ಚಿದರು.

ಪ್ರೇಮಲೀಲಾ: ವಾಗೀಶಣ್ಣ, ಬೇಗ ಬನ್ನಿ! ನಮ್ಮೋರು ಡಿಕ್ಕೀಲಿ ಸಿಕ್ಕಾಕ್ಕೊಂಡವ್ರೆ!

ವಾಗೀಶ (ಫೋನಿನಲ್ಲಿ): ಡಿಕ್ಕೀನಾ! ಅಯ್ಯೋ ರಾಮ! ಯಾವ ಗಾಡಿ?

ಪ್ರೇಮಲೀಲಾ: ನಮ್ಮ ಕಾರೇ.

ವಾಗೀಶ: ನಿಮ್ಮ ಕಾರೇ ನಿಮ್ಮ ಯಜಮಾನರಿಗೆ ಡಿಕ್ಕಿನಾ? ಓಡಿಸ್ತಿದ್ದಿದ್ದು ಯಾರು?

ಪ್ರೇಮಲೀಲಾ: ಯಾರೂ ಓಡಿಸ್ತಿರ್ಲಿಲ್ಲ. ನಿಂತೇ ಇತ್ತು.

ವಾಗೀಶ: ಪ್ರಜ್ಞೆ ಇದೆಯಾ?

ಪ್ರೇಮಲೀಲಾ: ಇದ್ದಿದ್ರೆ ಇಂಥ ಕೆಲಸಕ್ಕೆ ಕೈ ಹಾಕ್ತಿದ್ರಾ?

ವಾಗೀಶ: ಮಾತಾಡ್ತಿದ್ದಾರಾ?

ಪ್ರೇಮಲೀಲಾ: ಅದೇನೂ ನಿಂತಿಲ್ಲ.

ವಾಗೀಶ: ಅಲುಗಾಡಿಸಬೇಡಿ! ಬಂದೆ!

ಶಿವಮಲ್ಲಪ್ಪ: ಲೀಲಾ, ಹಿಂದಿನ ಸೀಟಿನ ಮೇಲ್ಗಡೆ ಒಂದು ಗುಂಡಿ ಇದೆ ನೋಡು. ಒತ್ತಿದ್ರೆ ಸೀಟು ಮಡಚ್ಕೊಳುತ್ತೆ. ನಾನು ತೆವಳಿ ಬಂದ್ಬುಡ್ತೀನಿ.

ಪ್ರೇಮಲೀಲಾ ಗುಂಡಿಯ ಮೇಲೆ ಬೆರಳಿಟ್ಟರು. ಇನ್ನೊಂದು ಕೈಯಲ್ಲಿ ಇನ್ನೂ ರೆಕ್ಕೆ ಇತ್ತು. ಅದನ್ನು ಬೆಳಕಿಗೆ ಹಿಡಿದು ನೋಡಿದರು. ಬೆರಳು ಗುಂಡಿಯಿಂದ ಹಿಂದಕ್ಕೆ ಬಂತು.

ಪ್ರೇಮಲೀಲಾ: ರೀ, ತೆಂಗಿನಕಾಯಿ ಯಾವ ಕಡೆಯಿಂದ ಬೀಳುತ್ತೆ?

ಶಿವಮಲ್ಲಪ್ಪ: ಇದೇನೇ, ಈಗ ಪರೀಕ್ಷೆನಾ? ಮೇಲಿಂದ.

ಪ್ರೇಮಲೀಲಾ: ಇದು ಹಿಂದಗಡೆಯಿಂದ ಸೀಳಿದೆ. ಎಡಗಡೆ ತುದೀಲಿ ಹಳದಿ ಬಣ್ಣ ಮೆತ್ಕೊಂಡಿದೆ. ನಮ್ಮ ಗೇಟಿನ ಕಂಬದ ಬಣ್ಣ.

ಶಿವಮಲ್ಲಪ್ಪ: ಮೊದ್ಲು ಸೀಟು ಮಡಚು, ಸೆಕೆ ಆಗ್ತಿದೆ.

ಪ್ರೇಮಲೀಲಾ: ಮೊದ್ಲು ಬಾಯಿ ಬಿಡಿ.

ಶಿವಮಲ್ಲಪ್ಪ: ಮಳೆ ನೀರಿಗೆ ಬಣ್ಣ ಹರಿದಿರಬಹುದು.

ಪ್ರೇಮಲೀಲಾ: ಆಯ್ತು. ಅಲ್ಲೇ ಇರಿ. ಮರಿಯಯ್ಯ ಹನ್ನೊಂದಕ್ಕೆ ಬರ್ತಾನಂತೆ, ಆಮೇಲೆ ಅವನ ಕೊಡಲೀಲೇ ತೆಗೆಸ್ತೀನಿ.

ಶಿವಮಲ್ಲಪ್ಪ: ಮರಿಯಯ್ಯ ಯಾಕೆ ಬರ್ತಾನೆ?

ಪ್ರೇಮಲೀಲಾ: ಮರ ಕಡಿಯೋಕೆ. ನಿನ್ನೆ ವಾಗೀಶಣ್ಣನ ಹೆಂಡತಿ ಕಮಲಮ್ಮ ಹೇಳಿದ್ರು. ಇವತ್ತು ಕಾರು, ನಾಳೆ ಯಾರ ತಲೇನೋ, ನಮ್ಮಿಂದ ಪಕ್ಕದವರಿಗೆ ತೊಂದರೆ ಬೇಡ ಅಂತ ಅಣ್ಣ ತೀರ್ಮಾನ ಮಾಡವ್ರಂತೆ. ಅವರಮ್ಮ ನೆಟ್ಟ ಮರ. ರಾತ್ರಿ ಊಟ ಮಾಡ್ಲಿಲ್ವಂತೆ ಮನುಷ್ಯ.

ಶಿವಮಲ್ಲಪ್ಪನವರು ಮಾತು ನಿಲ್ಲಿಸಿದ್ದನ್ನು ಪ್ರೇಮಲೀಲಾ ಆವರೆಗೆ ಕೇಳಿರಲಿಲ್ಲ. ಭಯವಾಗಿ ಸೀಟಿನ ಬೆನ್ನಿಗೆ ಕಿವಿ ಹಚ್ಚಿದರು.

ಪ್ರೇಮಲೀಲಾ: ರೀ? ಉಸಿರಾಡ್ತಿದ್ದೀರಾ?

ಶಿವಮಲ್ಲಪ್ಪ: ನಾನೇ ಕಣೆ ಗುದ್ದಿದ್ದು. ರಿವರ್ಸ್ ತಗೊಂಡೆ, ಕನ್ನಡೀಲಿ ನನ್ನ ಮೀಸೆ ನೋಡ್ತಿದ್ದೆ, ಕಂಬ ನೋಡ್ಲಿಲ್ಲ. ನೀನು ಬೈತೀಯ ಅಂತ ಬಾಯಿಗೆ ಬಂದಿದ್ದು ಹೇಳ್ಬುಟ್ಟೆ. ಅವರು ಹೊಸದು ತಂದುಕೊಟ್ಟ ಮೇಲೆ ಹೇಳೋಕೆ ಮುಖ ಇರ್ಲಿಲ್ಲ. ಗ್ಯಾರೇಜಿಗೆ ಕೊಟ್ರೆ ಮಹೇಶ ನೋಡಿದ ತಕ್ಷಣ ಹೇಳ್ಬಿಡ್ತಾನೆ. ಮರ ಕಡಿಸ್ತಾರೆ ಅಂತ ಯಾರಿಗೆ ಗೊತ್ತಿತ್ತು? ಅವರಿಗೆ ಹೇಳು, ಬೇಡ ಅನ್ನು. ಕಾಲು ಹಿಡೀತೀನಿ ಬೇಕಾದ್ರೆ.

ವಾಗೀಶ: ಕಾಲು ಆಮೇಲೆ ಹಿಡೀರಿ. ಮೊದ್ಲು ನೀವು ಎಲ್ಲಿದ್ದೀರಾ ಅಂತ ಹೇಳಿ.

ಗೇಟಿನ ಬಳಿ ವಾಗೀಶರು ಪ್ರಥಮ ಚಿಕಿತ್ಸೆಯ ಡಬ್ಬಿ ಹಿಡಿದು ನಿಂತಿದ್ದರು. ಬನಿಯನ್ ಮೇಲೆ ವಕೀಲರ ಕರಿ ಕೋಟು. ಪೊಲೀಸರು ಬಂದಿದ್ದರೆ ಇರಲಿ ಎಂದು ಹಾಕಿಕೊಂಡು ಬಂದಿದ್ದರು. ಪ್ರೇಮಲೀಲಾ ಗುಂಡಿ ಒತ್ತಿದರು. ಸೀಟು ಮಡಚಿತು. ಮೊದಲು ಟಾರ್ಚು, ನಂತರ ಮೀಸೆ, ಕೊನೆಗೆ ಪೂರ್ತಿ ಶಿವಮಲ್ಲಪ್ಪನವರು ಹೊರಬಂದರು.

ಶಿವಮಲ್ಲಪ್ಪ: ವಾಗೀಶ್ ಅವ್ರೇ, ಕೇಳಿದ್ರಾ?

ವಾಗೀಶ: ಕೇಳಿದೆ. ಇಪ್ಪತ್ತು ವರ್ಷದಲ್ಲಿ ಸಾವಿರ ಪ್ರಮಾಣಪತ್ರಕ್ಕೆ ಸೀಲು ಹಾಕಿದ್ದೀನಿ. ಇಷ್ಟು ಪ್ರಾಮಾಣಿಕವಾದ್ದು ಒಂದೂ ಬಂದಿಲ್ಲ.

ಶಿವಮಲ್ಲಪ್ಪ: ಕ್ಷಮಿಸಿಬಿಡಿ.

ವಾಗೀಶ: ಹದಿನೈದು ದಿನ ಆ ಮರದ ಕೆಳಗೆ ಕೂತು ಅದಕ್ಕೆ ಬೈದಿದ್ದೀನಿ ಕಣ್ರೀ. ಕ್ಷಮೆ ಅದನ್ನ ಕೇಳಬೇಕು, ನಾವಿಬ್ರೂ.

ಹೇಳುತ್ತ ಕನ್ನಡಕ ತೆಗೆದು ಒರೆಸಿಕೊಂಡರು. ಪ್ರೇಮಲೀಲಾ ಹಳೆಯ ರೆಕ್ಕೆಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದರು.

ವಾಗೀಶ: ಎಲ್ಲಿ, ಕೊಡಿಮ್ಮ, ನೋಡೋಣ.

ಪ್ರೇಮಲೀಲಾ: ಏನಿದೆ ಅಣ್ಣ ಅದರಲ್ಲಿ, ಗುಜರಿ. ನಾನು ಕಾಫಿ ತರ್ತೀನಿ.

ವಾಗೀಶ: ಕಾಫಿ ಇರ್ಲಿ. ಇದು ಎಡಗಡೆ, ಹಳದಿ. ಸರಿ. ಬಲಗಡೆ ತುದೀಲಿ ಇದೇನು, ಹಸಿರು?

ಶಿವಮಲ್ಲಪ್ಪ: ನಾನು ಬಲಗಡೆ ಗುದ್ದಿಲ್ಲ.

ವಾಗೀಶ: ನಮ್ಮ ಗೇಟು ಹಸಿರು. ದೀಪಾವಳಿಯಿಂದ ಬಗ್ಗಿ ನಿಂತಿದೆ. ಹಾಲಿನ ಗಾಡಿಯವನ ಜೊತೆ ಮಾತೇ ಬಿಟ್ಟಿದ್ದೀನಿ.

ಇಬ್ಬರೂ ಪ್ರೇಮಲೀಲಾ ಕಡೆ ತಿರುಗಿದರು.

ಪ್ರೇಮಲೀಲಾ: ಅದು... ಅವತ್ತು ಒಂದು ನಾಯಿಮರಿ ಅಡ್ಡ ಬಂತು.

ಶಿವಮಲ್ಲಪ್ಪ: ಅದಕ್ಕೇ ನೀನು ಗ್ಯಾರೇಜ್ ಗ್ಯಾರೇಜ್ ಅಂತಿದ್ದೆ! ನಾನು ನೋಡಬಾರದು ಅಂತ!

ಪ್ರೇಮಲೀಲಾ: ನೀವು ಮಹೇಶ ನೋಡಬಾರದು ಅಂತ ಮನೇಲಿ ಮಾಡಿದ್ರಿ. ಇಬ್ರೂ ಒಂದೇ ಲೆಕ್ಕ. ನಾಳೆ ಅಂಗಡಿಗೆ ಹೋಗೋ ಮೊದಲು ಗೇಟು ನೆಟ್ಟಗೆ ಮಾಡಿಸ್ತೀನಿ ಅಣ್ಣ. ಹಾಲಿನವನಿಗೂ ನಾನೇ ಹೇಳ್ತೀನಿ.

ವಾಗೀಶರು ನಕ್ಕುಬಿಟ್ಟರು. ಬಹಳ ದಿನದಿಂದ ತಡೆದಿಟ್ಟ ನಗು. ಕೋಟಿನ ಗುಂಡಿ ಕಿತ್ತುಹೋಗುವಷ್ಟು ನಕ್ಕರು. ಬಳಿಕ ಶಿವಮಲ್ಲಪ್ಪನವರು ಸೀಟಿನ ಸಂದಿಯಿಂದ ಕೈ ತೂರಿಸಿ ವೈರ್ ಸೇರಿಸಿ ಡಿಕ್ಕಿ ತೆರೆದರು. ಹಳೆಯ ಅಂಟನ್ನು ಸ್ಪಿರಿಟ್ಟಿನಲ್ಲಿ ಒರೆಸಿದರು. ಮೂವರೂ ಸೇರಿ ಹೊಸ ರೆಕ್ಕೆಯನ್ನು ಕೂರಿಸಿ, ನಟ್ಟು ಬಿಗಿದು, ಡಿಕ್ಕಿ ಮುಚ್ಚಿದರು.

ಶಿವಮಲ್ಲಪ್ಪ: ಈಗ ಹತ್ತು ನಿಮಿಷ ಹಿಂದಿನಿಂದ ಗಟ್ಟಿಯಾಗಿ ಒತ್ತಿ ಹಿಡೀಬೇಕು. ಒಂದು ಕ್ಷಣ ಬಿಟ್ರೂ ಟೇಪ್ ಹಿಡಿಯಲ್ಲ.

ಮೂವರೂ ಸಾಲಾಗಿ, ಭುಜಕ್ಕೆ ಭುಜ ತಾಗಿಸಿ, ಅಂಗೈಯೂರಿ ನಿಂತರು. ಅಷ್ಟರಲ್ಲಿ ಹೆಗಲಿಗೆ ಹಗ್ಗ ಹಾಕಿಕೊಂಡು ಮರಿಯಯ್ಯ ಬಂದ.

ಮರಿಯಯ್ಯ: ಮರ ಯಾವ್ದು ಬುದ್ದಿ?

ವಾಗೀಶ: ಮರ ಬೇಡ ಕಣಪ್ಪ. ಅದು ನಿರಪರಾಧಿ.

ಮರಿಯಯ್ಯ: ಗಾಡಿ ಸ್ಟಾಲ್ಟ್ ಆಯ್ತಿಲ್ವಾ? ಮೂರು ಜನ ನೂಕುದ್ರೂ ಅಳ್ಳಾಡ್ತಿಲ್ವಲ್ಲ. ತಡೀರಿ, ಬಂದೋನು ಸುಮ್ನೆ ಯಾಕ್ ಓಗ್ಲಿ.

ಬೇಡ ಎನ್ನುವಷ್ಟರಲ್ಲಿ ಅವನು ಬಂಪರಿಗೆ ಹೆಗಲು ಕೊಟ್ಟಾಗಿತ್ತು. ಕಾರು ಮೆಲ್ಲಗೆ ಮುಂದೆ ಸರಿಯಿತು.

ಪ್ರೇಮಲೀಲಾ: ರೀ! ಹ್ಯಾಂಡ್‌ಬ್ರೇಕ್ ಹಾಕಿಲ್ವಾ?

ಶಿವಮಲ್ಲಪ್ಪ: ನೀನು ಹಾಕಿದ್ದೀಯ ಅನ್ಕೊಂಡೆ!

ಇಳಿಜಾರು ಹಿಡಿದ ಕಾರು ತೆರೆದ ಗೇಟು ದಾಟಿ, ಖಾಲಿ ರಸ್ತೆ ದಾಟಿ, ಎದುರಿನ ಕಟ್ಟಡದ ಮುಂದೆ ಸುರಿದಿದ್ದ ಮರಳ ಗುಡ್ಡೆಯ ಕಡೆಗೆ ಆರಾಮವಾಗಿ ಹೊರಟಿತು. ಮೂವರೂ ಅಂಗೈ ಎತ್ತದೆ ಅದರ ಹಿಂದೆಯೇ ಹೆಜ್ಜೆ ಹಾಕಿದರು.

ವಾಗೀಶ: ಗಾಡಿ ಹೋಗ್ತಾ ಇದೆ ಕಣ್ರೀ!

ಶಿವಮಲ್ಲಪ್ಪ: ಹೋಗ್ಲಿ ಬುಡಿ, ಜೊತೇಲಿ ನಾವೂ ಹೋಗೋಣ! ಕೈ ಮಾತ್ರ ತೆಗೀಬೇಡಿ, ಇನ್ನೂ ಎಂಟು ನಿಮಿಷ ಇದೆ!