ದೇವಯಾನಿಗಾಗಿ ದೀಪ ಆರಿಸಿದ ಮಕ್ತುಮ್ ಸಾಬರು

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಗಾದಿ ಅಂಗಡಿ ಇಟ್ಟುಕೊಂಡು ಊರಿಗೆಲ್ಲ ಸುಖನಿದ್ರೆ ಮಾರುವ ಮಕ್ತುಮ್ ಸಾಬರಿಗೆ ಸ್ವಂತಕ್ಕೆ ನಿದ್ರೆ ಇರಲಿಲ್ಲ. ಕಾರಣ, ದೇವಯಾನಿ.

"ಯಾರ್ರೀ ಅವಳು?" ಎಂದು ಹೆಂಡತಿ ಖತೀಜಾಬೀ ಸೌಟು ಹಿಡಿದೇ ಕೇಳಿದ್ದರು.

"ಗ್ಯಾಲಕ್ಸಿ ಅದು! ಕೋಟಿ ಕೋಟಿ ನಕ್ಷತ್ರದ ಸಂತೆ. ಇಪ್ಪತ್ತೈದು ಲಕ್ಷ ವರ್ಷದ ಹಿಂದೆ ಹೊರಟ ಬೆಳಕು ಈಗ ನಮ್ಮ ಮಾಳಿಗೆಗೆ ಬರ್ತೈತೆ."

"ತರಕಾರಿಗೆ ಹೋದ ನೀವು ಹೊತ್ತಿಗೆ ಸರಿಯಾಗಿ ಮನೆಗೆ ಬರಂಗಿಲ್ಲ, ಅದು ಬರ್ತೈತಂತೆ!"

ಆದರೆ ಸಾಬರು ರಾತ್ರಿ ಮಾಳಿಗೆಯಿಂದ ತೆಗೆದ ಅದರ ಫೋಟೊಗಳೆಲ್ಲ ಸುತ್ತಲಿನ ದೀಪಗಳ ಕೃಪೆಯಿಂದ ಚಹಾದ ಬಣ್ಣಕ್ಕೆ ತಿರುಗುತ್ತಿದ್ದವು. ಕೊನೆಗೆ ಖತೀಜಾಬೀ ತೀರ್ಪು ಕೊಟ್ಟರು. "ಈ ಅಮಾಸೆಗೂ ಆಗ್ಲಿಲ್ಲ ಅಂದ್ರೆ ಕ್ಯಾಮೆರಾ, ಸ್ಟ್ಯಾಂಡು ಎಲ್ಲ ಅಟ್ಟಕ್ಕೆ. ಮಾಳಿಗೆ ನನ್ನ ಹಪ್ಪಳಕ್ಕೆ."

ಅಮಾವಾಸ್ಯೆಯ ಸಂಜೆ, ಮಗ್ರಿಬ್ ನಮಾಜು ಮುಗಿಸಿದ ಸಾಬರು ಫರ್ಮಾನು ಹೊರಡಿಸಿದರು. ದೀಪ ಬೇಡ. ಒಲೆ ಬೇಡ, ಒಗ್ಗರಣೆಯ ಹೊಗೆ ಲೆನ್ಸಿಗೆ ಕೂರುತ್ತದೆ. ಟಿ.ವಿ. ಬೇಡ, ಓಡಾಟ ಬೇಡ, ಸ್ಟ್ಯಾಂಡು ಅಲುಗುತ್ತದೆ. ಇಷ್ಟು ಹೇಳಿ ಮಾಳಿಗೆಗೆ ಹೋಗಿ ಒಂದು ಗಾದಿ ಹಾಸಿ ಮಲಗಿದರು. ಡಿಸೆಂಬರಿನ ಆಕಾಶ ತಣ್ಣಗೆ ಮೈಮೇಲೆ ಇಳಿಯಿತು. ನೆತ್ತಿಯ ಮೇಲೆ, ಯಾರೋ ಬೆರಳಲ್ಲಿ ಸವರಿದಷ್ಟು ಮಸುಕಾಗಿ, ದೇವಯಾನಿ ಇದ್ದಳು. ಕ್ಯಾಮೆರಾ ಒಂದೊಂದೇ ಚಿತ್ರ ಹಿಡಿಯುತ್ತಿತ್ತು. ಸಾಬರಿಗೆ ತಾವು ಗಾದಿ ಸಮೇತ ತೇಲುತ್ತಿದ್ದೇವೆ ಅನ್ನಿಸಿತು.

ಕೆಳಗೆ ಖತೀಜಾಬೀ ಹಸಿವು ಮತ್ತು ಸಿಟ್ಟು ಎರಡನ್ನೂ ನುಂಗಿಕೊಂಡು, ಚಳಿಗೆ ತಲೆತುಂಬ ಸೆರಗು ಹೊದ್ದು ಹೊಸ್ತಿಲಲ್ಲಿ ಕೂತಿದ್ದರು. ಅದು ಪಕ್ಕದ ಮನೆಯ ಕೆಂಚವ್ವನ ಕಣ್ಣಿಗೆ ಬಿತ್ತು. ದೀಪ ಹಚ್ಚುವ ಹೊತ್ತಿನಲ್ಲಿ ಕತ್ತಲ ಮನೆ, ತಣ್ಣಗಿನ ಒಲೆ, ಮೂಕಳಾದ ಗೃಹಿಣಿ! ಅವಳ ಎದೆ ಧಸಕ್ಕೆಂದಿತು.

"ಖತೀಜಕ್ಕಾ, ಸಾಬ್ರೆಲ್ಲಿ?"

"ಅವರ ಹೆಸರು ಎತ್ತಬ್ಯಾಡ ನನ್ನ ಮುಂದೆ," ಎಂದ ಖತೀಜಾಬೀಯ ಗಂಟಲು ಸಿಟ್ಟಿಗೆ ಕಟ್ಟಿತು. ಕೆಂಚವ್ವನಿಗೆ ಇನ್ನೇನು ಬೇಕು? ಕ್ಷಣದಲ್ಲಿ ಬೀದಿಗೆಲ್ಲ ಸುದ್ದಿ ಮುಟ್ಟಿತು.

ಸಾವಿನ ಮನೆಯಲ್ಲಿ ಒಲೆ ಉರಿಯುವಂತಿಲ್ಲ, ಅಕ್ಕಪಕ್ಕದವರೇ ಉಣ್ಣಿಸಬೇಕು. ಒಬ್ಬರು ರೊಟ್ಟಿ ತಂದರು, ಇನ್ನೊಬ್ಬರು ಅನ್ನ ಸಾರು ತಂದರು. (ಗಂಡನ ಹುಚ್ಚಿಗೆ ತಾನು ಉಪವಾಸ ಕೂತಿದ್ದು ಬೀದಿಗೆಲ್ಲ ಗೊತ್ತಾಯಿತಲ್ಲ ಎಂದು ಖತೀಜಾಬೀ ನಿಜವಾಗಿಯೂ ಅತ್ತುಬಿಟ್ಟರು.) ಹರಿಹರಕ್ಕೆ ಫೋನು ಹೋಗಿ, ಸಾಬರ ತಂಗಿ ನುಜತ್ ಆಟೊ ಹತ್ತಿದಳು.

ಅಂಗಳದಲ್ಲಿ ಕೆಂಚವ್ವನ ಗಂಡ ಮಲ್ಲೇಶಪ್ಪ ಕಣ್ಣೊರೆಸಿಕೊಂಡರು. "ಎಂಥಾ ಮನುಷ್ಯ! ಒಂದಿನ ದನಿ ಏರಿಸಿದೋರಲ್ಲ. ಗಾದಿಗೆ ಹತ್ತಿ ತುಂಬಿದ್ರೆ ಹತ್ತೀನೇ!"

ಮಾಳಿಗೆಯ ಮೇಲೆ ಸಾಬರಿಗೆ ಸತ್ತವರು ಯಾರೆಂದು ಆಗ ಹೊಳೆಯಿತು. ತಕ್ಷಣ ಇಳಿಯಬೇಕಿತ್ತು, ನಿಜ. ಆದರೆ ಚಿತ್ರಗಳಿನ್ನೂ ಮುಗಿದಿರಲಿಲ್ಲ. ಮೇಲಾಗಿ, ಇಂಥ ಮಾತು ಬದುಕಿದ್ದಾಗ ಯಾರ ಕಿವಿಗೆ ಬೀಳುತ್ತದೆ ಹೇಳಿ! ಕಣ್ಮುಚ್ಚಿ ಕೇಳುತ್ತಾ ಮಲಗಿದರು.

ಅಷ್ಟರಲ್ಲಿ ಆಟೊ ನಿಂತಿತು. "ಭಾಯಿಜಾನ್!" ಎಂದು ನುಜತ್ ಎದೆ ಬಡಿದುಕೊಂಡಳು. ಸಾಬರಿಗೆ ಅದನ್ನು ತಡೆಯಲಾಗಲಿಲ್ಲ.

"ಇಲ್ಲೇ ಮ್ಯಾಲೆ ಇದೀನಮ್ಮಾ!"

ಬೀದಿಯ ಮೊಬೈಲು ಟಾರ್ಚುಗಳೆಲ್ಲ ಒಟ್ಟಿಗೆ ಮಾಳಿಗೆಗೆ ತಿರುಗಿದವು. ಜನ ಮೆಟ್ಟಿಲು ನುಗ್ಗಿದರು, ಸ್ಟ್ಯಾಂಡು ಉರುಳಿತು, ಚಿತ್ರಗಳು ಅರ್ಧಕ್ಕೇ ನಿಂತು ಈ ಅಮಾವಾಸ್ಯೆಯೂ ಕೈತಪ್ಪಿತು.

"ಬದುಕಿದ್ರೆ ದೀಪ ಹಚ್ಕೊಂಡು ಬದುಕ್ರೀ!" ಎಂದು ಮಲ್ಲೇಶಪ್ಪ ರೇಗಿದರು.

ಎಲ್ಲರೂ ಹೋದ ಮೇಲೆ ಸಾಬರು ಸ್ಟ್ಯಾಂಡು ಬಿಚ್ಚತೊಡಗಿದರು. ಕಣ್ಣು ತುಂಬಿ ತಿರುಪು ಕಾಣಲಿಲ್ಲ. ನೆರೆಯವರ ರೊಟ್ಟಿ ಉಂಡು ತಣ್ಣಗಾಗಿದ್ದ ಖತೀಜಾಬೀ ಮೇಲೆ ಬಂದು ಸುಮ್ಮನೆ ಗಾದಿಯ ಮೇಲೆ ಒರಗಿದರು. ಕಣ್ಣು ತಾನಾಗಿ ಮೇಲಕ್ಕೆ ಹೋಯಿತು.

"ಇಷ್ಟೊಂದು ಅದಾವೇನ್ರೀ ಚುಕ್ಕಿ?" ಎಂದರು. "ಅಟ್ಟಕ್ಕೆ ಬ್ಯಾಡ. ನಾಳೆ ಒಂದಿನ ನಾನೇ ನೋಡ್ತೀನಿ."

ಮರುದಿನ ಅವರು ಮನೆ ಮನೆಗೂ ಹೋಗಿ ಹೇಳಿಬಂದರು. ಸಂಜೆ ಇಡೀ ಬೀದಿ ದೀಪ ಆರಿಸಿ, ಸಾಬರ ಮಾಳಿಗೆಯಲ್ಲಿ ಉಸಿರು ಬಿಗಿಹಿಡಿದು ಕೂತಿತು. ಕ್ಯಾಮೆರಾದ ಗುಂಡಿಯ ಮೇಲೆ ಖತೀಜಾಬೀಯ ಬೆರಳು. ದೇವಯಾನಿ ತಮ್ಮ ತವರಿನ ಕಡೆಯವಳೇನೋ ಎಂಬಂತೆ ಕೆಂಚವ್ವನಿಗೆ ಪರಿಚಯ ಮಾಡಿಕೊಡುತ್ತಿದ್ದರು. ಇಷ್ಟು ಜನಕ್ಕೆ ಚಹಾ ಮಾಡಬೇಕಲ್ಲ, ಸಾಬರು ಅಡುಗೆಮನೆಯಲ್ಲಿದ್ದರು. ಒಲೆ ಹಚ್ಚಿದ್ದೇ ತಡ, ಮೇಲಿನಿಂದ ಗುಡುಗು ಬಂತು.

"ಕೆಳಗ್ಯಾರ್ರೀ ಉರಿ ಹಚ್ಚಿದ್ದು? ಆರಿಸ್ರಿ!"

ಸಾಬರು ಆರಿಸಿ, ಕಾಯದ ಹಾಲಿನ ಮುಂದೆ ಕತ್ತಲಲ್ಲಿ ಕೂತರು. ಸ್ವಲ್ಪ ಹೊತ್ತಿಗೆ "ಬಂತು! ಬಂತು!" ಎಂದು ಮಾಳಿಗೆಯೆಲ್ಲ ಪಿಸುಗುಟ್ಟಿತು. ಸಾಬರು ಎದ್ದುಬಿದ್ದು ಮೆಟ್ಟಿಲಿಗೆ ಓಡಿದರು.

"ಅಲ್ಲೇ ನಿಲ್ರಿ!" ಎಂದರು ಖತೀಜಾಬೀ. "ಸ್ಟ್ಯಾಂಡು ಅಲುಗ್ತೈತೆ."